ಹ್ಯಾಂಗ್ ಗ್ಲೈಡರ್ ಲಾಂಚ್ ಮತ್ತು ಅಲ್ಲಿ ಆಗುವ ತಪ್ಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಂಗ್ ಗ್ಲೈಡರ್ ಅಂದರೆ ಮನುಷ್ಯ ಕೆಳಗೆ ಜೋತುಬಿದ್ದು ಹಾರಿಸುವ, ಎಂಜಿನ್ ಇಲ್ಲದ ರೆಕ್ಕೆ. ಅದನ್ನು ಹೊತ್ತು ಇಳಿಜಾರಿನಲ್ಲಿ ಓಡಿ ಗಾಳಿಗೆ ಏರುವುದೇ ಲಾಂಚ್. ಹ್ಯಾಂಗ್ ಗ್ಲೈಡಿಂಗ್ ಕಲಿಯುತ್ತಿರುವವರು, ಕಲಿತು ಕೆಲವು ವರ್ಷ ಆದವರು, ಮನೆಯಲ್ಲಿ ಕೂತು ಅವರ ಬಗ್ಗೆ ಆತಂಕ ಪಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಲಾಂಚ್ ಓದಿ ಬರುವ ವಿದ್ಯೆ ಅಲ್ಲ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುವಾಗ, ಚಿಕ್ಕ ಇಳಿಜಾರಿನಲ್ಲಿ ಮಾಡಿ ಮಾಡಿಯೇ ಕಲಿಯಬೇಕು. ಅಲ್ಲಿ ಹೇಳಿಕೊಟ್ಟದ್ದು ಇನ್ನಷ್ಟು ಸ್ಪಷ್ಟವಾಗಲಿ ಅಂತ ಈ ಉತ್ತರಗಳು.

## ಈಗಷ್ಟೇ ಶುರು ಮಾಡಿದವರಿಗೆ

ಲಾಂಚ್ ಬಗ್ಗೆ ಯಾಕೆ ಇಷ್ಟೊಂದು ಮಾತಾಡ್ತೀರಿ? ಮೇಲೆ ಹೋದ ಮೇಲಲ್ವಾ ನಿಜವಾದ ಅಪಾಯ?

ಹಾಗೆ ಅನಿಸುವುದು ಸಹಜ, ಆದರೆ ಲೆಕ್ಕ ಉಲ್ಟಾ. ಎತ್ತರದಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಕೆಳಗೆ ಜಾಗ ಇರುತ್ತದೆ. ರೆಕ್ಕೆ ಸ್ಟಾಲ್ ಆದರೂ, ಅಂದರೆ ವೇಗ ಸಾಲದೆ ಎತ್ತುವ ಬಲ ಕಳೆದುಕೊಂಡರೂ, ಮೂತಿ (ಗ್ಲೈಡರ್‌ನ ಮುಂತುದಿ) ತಾನಾಗಿ ಕೆಳಗೆ ಬೀಳುತ್ತದೆ, ವೇಗ ಬರುತ್ತದೆ, ಗ್ಲೈಡರ್ ಮತ್ತೆ ಹಾರುತ್ತದೆ. ಹೀಗೆ ಚೇತರಿಸಿಕೊಳ್ಳಲು ಒಂದಿಷ್ಟು ಎತ್ತರ ಖರ್ಚಾಗುತ್ತದೆ. ಲಾಂಚ್ ಹೊತ್ತಿನಲ್ಲಿ ಆ ಎತ್ತರವೇ ಇಲ್ಲ. ವೇಗ ಕಡಿಮೆ, ನೆಲ ಹತ್ತಿರ. ಬೆನ್ನಿಗೋ ಎದೆಗೋ ಕಟ್ಟಿಕೊಂಡ ತುರ್ತು ಪ್ಯಾರಾಚೂಟ್ ಬಿಚ್ಚಿಕೊಳ್ಳಲೂ ಸಮಯ ಸಿಗುವುದಿಲ್ಲ.

ಗ್ಲೈಡರ್ ಹಾರಾಟಕ್ಕೆ ದಾರಿ ಹಾಕಿದ ಜರ್ಮನಿಯ ಒಟ್ಟೋ ಲಿಲಿಯೆಂಟಾಲ್ ಸುಮಾರು 2000 ಸಲ ಹಾರಿದ್ದವರು. 1896ರ ಆಗಸ್ಟ್‌ನಲ್ಲಿ ಅವರ ಗ್ಲೈಡರ್ ಸ್ಟಾಲ್ ಆಗಿ ಸುಮಾರು 15 ಮೀಟರ್ ಎತ್ತರದಿಂದ ಬಿತ್ತು. ಮಾರನೆಯ ದಿನ ಅವರು ತೀರಿಕೊಂಡರು. ಅಷ್ಟು ಅನುಭವ ಇದ್ದವರಿಗೂ ಆ 15 ಮೀಟರ್ ಸಾಕಾಗಲಿಲ್ಲ.

ಗುಡ್ಡದ ತುದಿಯಿಂದ ಜಿಗಿದರೆ ಆಯ್ತಲ್ಲ, ಓಡೋದು ಯಾಕೆ?

ರೆಕ್ಕೆಗೆ ಬೇಕಾಗಿರುವುದು ಎತ್ತರ ಅಲ್ಲ, ಅದರ ಮೇಲೆ ಹರಿಯುವ ಗಾಳಿಯ ವೇಗ. ಕಲಿಯುವವರ ಗ್ಲೈಡರ್ ಸಾಮಾನ್ಯವಾಗಿ ಗಂಟೆಗೆ 25ರಿಂದ 30 ಕಿ.ಮೀ. ವೇಗದಲ್ಲಿ ಮನುಷ್ಯನನ್ನು ಹೊರಬಲ್ಲದು. ಅದಕ್ಕಿಂತ ಕಡಿಮೆ ಇದ್ದರೆ ಹೊರಲಾರದು.

ಜಿಗಿದಾಗ ಎರಡು ಕೆಡಕು ಒಟ್ಟಿಗೆ ಆಗುತ್ತವೆ. ಕಾಲು ನೆಲ ಬಿಟ್ಟದ್ದರಿಂದ ವೇಗ ಹೆಚ್ಚಿಸುವ ಎಂಜಿನ್ ನಿಂತುಹೋಯಿತು. ಮರುಕ್ಷಣವೇ ಇಡೀ ದೇಹದ ಭಾರ, ಇನ್ನೂ ತಯಾರಾಗದ ರೆಕ್ಕೆಯ ಮೇಲೆ ಒಮ್ಮೆಲೆ ಬಿತ್ತು. ಗ್ಲೈಡರ್ ಕುಸಿಯುತ್ತದೆ. ಅದಕ್ಕೇ ಇನ್‌ಸ್ಟ್ರಕ್ಟರ್‌ಗಳು ‘ಕಾಲು ಗಾಳಿಯಲ್ಲಿ ಆಡುವ ತನಕ ಓಡ್ತಾನೇ ಇರು’ ಅಂತ ಗಂಟಲು ಹರಿದುಕೊಳ್ಳುವುದು.

ನಾನು ಓಟಗಾರ ಅಲ್ಲ. ಮೂವತ್ತು ಕಿಲೋ ಹೊತ್ತುಕೊಂಡು ಅಷ್ಟು ವೇಗವಾಗಿ ಓಡೋಕಾಗುತ್ತಾ?

ಆಗುತ್ತದೆ. ಯಾಕೆಂದರೆ ಪೂರ್ತಿ ವೇಗ ನಿಮ್ಮ ಕಾಲಿನಿಂದಲೇ ಬರಬೇಕಾಗಿಲ್ಲ. ಎದುರುಗಾಳಿ ಗಂಟೆಗೆ 15 ಕಿ.ಮೀ. ಇದ್ದು, ರೆಕ್ಕೆಗೆ 30 ಬೇಕಿದ್ದರೆ ನೀವು ಓಡಬೇಕಾದದ್ದು 15 ಮಾತ್ರ. ಇಳಿಜಾರು ಬೇರೆ ಸಹಾಯ ಮಾಡುತ್ತದೆ.

ಹೊರುವ ಮಾತಿಗೆ ಬಂದರೆ, ಅದು ಕೂಡ ಕೆಲವು ಹೆಜ್ಜೆಗಳ ಕಷ್ಟ ಅಷ್ಟೆ. ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗ್ಲೈಡರ್ 30 ಕಿಲೋ, ನೀವು ಮತ್ತು ಹಾರ್ನೆಸ್ (ಜೋತುಬೀಳಲು ಮೈಗೆ ತೊಡುವ ಪಟ್ಟಿಗಳ ಉಡುಪು) ಸೇರಿ 90 ಕಿಲೋ ಅಂದುಕೊಳ್ಳಿ. ಒಟ್ಟು 120. ಹಾರುವ ವೇಗದ ಅರ್ಧ ಮುಟ್ಟಿದರೆ ಕಾಲು ಭಾಗದಷ್ಟು ಬಲ, ಅಂದರೆ ಸುಮಾರು 30 ಕಿಲೋ ಎತ್ತುವ ಬಲ ಬಂದಾಯಿತು. ಅಲ್ಲಿಗೆ ಗ್ಲೈಡರ್ ತನ್ನ ಭಾರ ತಾನೇ ಹೊರುತ್ತದೆ. 15 ಕಿ.ಮೀ. ಎದುರುಗಾಳಿ ಇದ್ದರೆ ನಿಂತಲ್ಲೇ ಭುಜ ಹಗುರ ಆಗುವುದು ಇದೇ ಕಾರಣಕ್ಕೆ.

ಗಾಳಿ ಎಷ್ಟಿದ್ರೆ ಒಳ್ಳೇದು?

ಕಲಿಯುವವರಿಗೆ ಗಂಟೆಗೆ 10ರಿಂದ 20 ಕಿ.ಮೀ., ನೇರ ಎದುರಿನಿಂದ, ಸಮವಾಗಿ ಬೀಸುವ ಗಾಳಿ. ಈ ಮೂರರಲ್ಲಿ ‘ಸಮವಾಗಿ’ ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಿ. 15ರ ಗಾಳಿ ಇದ್ದಕ್ಕಿದ್ದಂತೆ 30 ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸರಾಸರಿ ಚೆನ್ನಾಗಿದ್ದು ನಡುನಡುವೆ ಹೀಗೆ ಒದೆಯುವ ದಿನ, ಸುಮ್ನೆ ಗ್ಲೈಡರ್ ಪಕ್ಕ ಕೂತು ಗಾಳಿ ನೋಡಿ. ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಒಂದೇ ನೋಡಿದರೆ ಸಾಲದು. ಕೆಳಗಿನ ಹುಲ್ಲು ಮೊದಲು ಬಾಗುತ್ತದೆ, ಆಮೇಲೆ ಮಧ್ಯದ ಪೊದೆ ಅಲುಗುತ್ತದೆ, ಕೊನೆಗೆ ನಿಮ್ಮ ಮುಖಕ್ಕೆ ತಗಲುತ್ತದೆ. ಗಾಳಿಯ ಒಂದು ಸುತ್ತು ಹೀಗೆ ಮೇಲೆ ಹತ್ತುವುದನ್ನು ಕೆಲವು ಸಲ ನೋಡಿದರೆ ಯಾವಾಗ ಹೊರಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಬೆನ್ನಿಂದ ಸ್ವಲ್ಪವೇ ಸ್ವಲ್ಪ ಗಾಳಿ ಬರ್ತಿದ್ರೆ ಪರವಾಗಿಲ್ವಾ?

ಇಲ್ಲ, ಹೊರಡಬೇಡಿ. 5 ಕಿ.ಮೀ. ಬೆನ್ನುಗಾಳಿ ಅಂದರೆ 30ರ ಬದಲು 35ರಲ್ಲಿ ಓಡಬೇಕು, ಅದೂ ಗ್ಲೈಡರ್ ಹೊತ್ತು. ಲಿಲಿಯೆಂಟಾಲ್ 1894ರಲ್ಲಿ ಬರ್ಲಿನ್ ಹತ್ತಿರ ಸುಮಾರು 15 ಮೀಟರ್ ಎತ್ತರದ ಗುಡ್ಡವೊಂದನ್ನು ಕಟ್ಟಿಸಿದರು. ಅದರ ಆಕಾರ ಶಂಕುವಿನಂತೆ. ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಎದುರಾಗಿಯೇ ಓಡಬೇಕು ಅಂತ. ನಮಗೆ ಗುಡ್ಡ ಕಟ್ಟಿಸಲು ಆಗದಿರಬಹುದು, ಕಾಯಲು ಆಗುತ್ತದಲ್ವಾ?

## ಲಾಂಚ್ ಗಟ್ಟಿ ಮಾಡಿಕೊಳ್ಳುತ್ತಿರುವವರಿಗೆ

ಗ್ಲೈಡರ್‌ಗೆ ಹುಕ್ ಹಾಕಿಕೊಳ್ಳೋದನ್ನೇ ಮರೆಯೋರು ಇದ್ದಾರಾ? ನಂಬೋಕಾಗಲ್ಲ.

ಇದ್ದಾರೆ, ಮತ್ತು ಅವರು ದಡ್ಡರಲ್ಲ. ಹುಕ್ ಹಾಕುವುದು ಅಂದರೆ ಹಾರ್ನೆಸ್‌ನ ಪಟ್ಟಿಯನ್ನು ಗ್ಲೈಡರ್‌ಗೆ ಸಿಕ್ಕಿಸುವುದು. 2018ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಇಬ್ಬರು ಹಾರುವ ಗ್ಲೈಡರ್‌ನ ಪೈಲಟ್ ತಾನು ಹುಕ್ ಹಾಕಿಕೊಂಡು, ಪ್ರಯಾಣಿಕನಿಗೆ ಹಾಕುವುದನ್ನು ಮರೆತರು. ಆ ಪ್ರಯಾಣಿಕನಿಗೆ ಅದು ಮೊದಲ ಹಾರಾಟ. ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಕೈಯಲ್ಲೇ ಜೋತಾಡಿ, ನೆಲ ಹತ್ತಿರ ಬಂದಾಗ ಬಿದ್ದು, ಮಣಿಕಟ್ಟು ಮುರಿದುಕೊಂಡು ಬದುಕಿಕೊಂಡರು. ಇಂಥ ತಪ್ಪಿನಲ್ಲಿ ಎಲ್ಲರಿಗೂ ಅಷ್ಟು ಅದೃಷ್ಟ ಇರಲಿಲ್ಲ.

ಇದು ಹೇಗೆ ಆಗುತ್ತದೆ ಅಂತ ನೋಡಿ. ಪೈಲಟ್ ಹುಕ್ ಹಾಕಿ ಎಲ್ಲ ಪರೀಕ್ಷೆ ಮುಗಿಸಿರುತ್ತಾನೆ. ಅಷ್ಟರಲ್ಲಿ ಗಾಳಿ ತಿರುಗುತ್ತದೆ, ಅಥವಾ ಹೆಲ್ಮೆಟ್ ಮರೆತದ್ದು ನೆನಪಾಗುತ್ತದೆ, ಅಥವಾ ಯಾರೋ ಸಹಾಯಕ್ಕೆ ಕರೆಯುತ್ತಾರೆ. ಹುಕ್ ಬಿಚ್ಚಿ ಹೋಗಿ ಬರುತ್ತಾನೆ. ವಾಪಸ್ ಬಂದು ಗ್ಲೈಡರ್ ಎತ್ತಿದಾಗ ತಲೆಯಲ್ಲಿರುವುದು ಹಳೆಯ ಪರೀಕ್ಷೆಯ ನೆನಪು. ‘ಚೆಕ್ ಮಾಡಿದ್ದೀನಿ’ ಅನ್ನುವುದು ನಿಜವೂ ಹೌದು. ಆ ನಿಜವೇ ಅವನನ್ನು ಮೋಸ ಮಾಡುತ್ತದೆ.

ಆದ್ದರಿಂದ ಎರಡು ಬೇರೆ ಬೇರೆ ಪರೀಕ್ಷೆ ಬೇಕು. ಒಂದು, ಹ್ಯಾಂಗ್ ಚೆಕ್. ಯಾರಾದರೂ ಗ್ಲೈಡರ್ ಹಿಡಿದುಕೊಂಡಿರುವಾಗ ನೀವು ಮಲಗಿ ಪೂರ್ತಿ ಜೋತುಬಿದ್ದು, ಪಟ್ಟಿ ತಿರುಚಿಲ್ಲ, ಕ್ಯಾರಬೀನರ್ (ಪಟ್ಟಿ ಸಿಕ್ಕಿಸುವ ಲೋಹದ ಕೊಂಡಿ) ಲಾಕ್ ಆಗಿದೆ, ಎರಡೂ ಕಾಲು ಹಾರ್ನೆಸ್‌ನ ಲೂಪಿನೊಳಗಿವೆ, ಬಾರ್‌ಗೂ (ಹಾರುವಾಗ ಕೈಯಲ್ಲಿ ಹಿಡಿಯುವ ಅಡ್ಡ ಕೊಳವೆ) ನಿಮಗೂ ಸರಿಯಾದ ಅಂತರ ಇದೆ ಅಂತ ನೋಡುವುದು. ಇನ್ನೊಂದು, ಓಡುವ ಮುಂಚಿನ ಕೆಲವೇ ಸೆಕೆಂಡುಗಳಲ್ಲಿ ಮಾಡುವುದು. ಗ್ಲೈಡರನ್ನು ಭುಜದಿಂದ ಇನ್ನೊಂದಿಷ್ಟು ಮೇಲೆತ್ತಿ, ಪಟ್ಟಿ ಬಿಗಿಯಾಗಿ ತೊಡೆಯ ಲೂಪ್‌ಗಳು ಜಗ್ಗುವುದನ್ನು ಮೈಯಲ್ಲಿ ಅನುಭವಿಸುವುದು. ಜಗ್ಗಲಿಲ್ಲವೇ? ಗ್ಲೈಡರ್ ಕೆಳಗಿಡಿ. ಈ ಒಂದೇ ಎಳೆತದಲ್ಲಿ ಹುಕ್ಕೂ ಗೊತ್ತಾಗುತ್ತದೆ, ಕಾಲಿನ ಲೂಪೂ ಗೊತ್ತಾಗುತ್ತದೆ. ಲೂಪಿಗೆ ಕಾಲು ಹಾಕದೆ ಹುಕ್ ಮಾತ್ರ ಹಾಕಿಕೊಂಡರೆ ಹಾರ್ನೆಸ್‌ನಿಂದ ಜಾರಿ ಬೀಳುವ ಅಪಾಯ ಇದೆ.

ಅಮೆರಿಕದ ರಾಷ್ಟ್ರೀಯ ಹ್ಯಾಂಗ್ ಗ್ಲೈಡಿಂಗ್ ಸಂಘದ ರೇಟಿಂಗ್ ನಿಯಮದಲ್ಲೂ ಪ್ರತಿ ಹಾರಾಟದಲ್ಲಿ ಲಾಂಚ್‌ಗೆ ಸ್ವಲ್ಪವೇ ಮುಂಚೆ ಹುಕ್ ಖಚಿತಪಡಿಸಿಕೊಳ್ಳಬೇಕು ಅಂತ ಇದೆ. ‘ಸ್ವಲ್ಪವೇ ಮುಂಚೆ’ ಅನ್ನುವುದರಲ್ಲೇ ಎಲ್ಲ ಇದೆ. ಐದು ನಿಮಿಷದ ಹಿಂದಿನ ಪರೀಕ್ಷೆ ಲೆಕ್ಕಕ್ಕಿಲ್ಲ.

ಹಾರ್ನೆಸ್ಸನ್ನ ಗ್ಲೈಡರ್‌ಗೇ ಹುಕ್ ಮಾಡಿಟ್ಟು, ಆಮೇಲೆ ಅದರೊಳಗೆ ಹೊಕ್ಕರೆ ಮರೆಯೋ ಪ್ರಶ್ನೆಯೇ ಇಲ್ವಲ್ಲ?

ಆಸ್ಟ್ರೇಲಿಯಾದಲ್ಲಿ ಬೆಳೆದ ಪದ್ಧತಿ ಇದು, ಒಳ್ಳೆಯದೇ. ಹಾರ್ನೆಸ್ ಹಾಕಿಕೊಂಡು ಗ್ಲೈಡರ್ ಇಲ್ಲದೆ ಓಡಾಡುವ ಸಂದರ್ಭವೇ ಕಡಿಮೆಯಾಗುತ್ತದೆ. ಆದರೆ ಕಾಲಿನ ಲೂಪ್ ಮರೆಯುವುದನ್ನು ಇದು ತಡೆಯುವುದಿಲ್ಲ. ‘ನನ್ನ ಪದ್ಧತಿಯಲ್ಲಿ ತಪ್ಪಾಗೋಕೆ ಸಾಧ್ಯವೇ ಇಲ್ಲ’ ಅನ್ನುವ ನಂಬಿಕೆ ಬೆಳೆದರೆ ಕೊನೆಯ ಎಳೆತದ ಪರೀಕ್ಷೆಯೂ ನಿಂತುಹೋಗುತ್ತದೆ. ಯಾವ ಪದ್ಧತಿಯಾದರೂ ಸರಿ, ಆ ಎಳೆತವನ್ನು ಬಿಡಬೇಡಿ.

ಮೂತಿ ಎಷ್ಟು ಎತ್ತಿ ಹಿಡಿಯಬೇಕು?

ಕಣ್ಣಿಗೆ ಕಾಣುವ ದಿಗಂತದ ಲೆಕ್ಕದಲ್ಲಿ ನೋಡಬೇಡಿ, ಬರುತ್ತಿರುವ ಗಾಳಿಯ ಲೆಕ್ಕದಲ್ಲಿ ನೋಡಿ. ಇಳಿಜಾರಿನಲ್ಲಿ ಗಾಳಿ ನೆಲಕ್ಕೆ ಅಂಟಿಕೊಂಡಂತೆ ಮೇಲೆ ಹತ್ತುತ್ತದೆ. ಆ ಹರಿವಿಗೆ ಹೋಲಿಸಿದರೆ ಮೂತಿ ಸ್ವಲ್ಪವೇ ಮೇಲಿರಬೇಕು. ಜಾಸ್ತಿ ಎತ್ತಿದರೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಆಗುತ್ತದೆ, ಎಷ್ಟು ಓಡಿದರೂ ವೇಗ ಏರುವುದಿಲ್ಲ. ಜಾಸ್ತಿ ಇಳಿಸಿದರೆ ಭುಜದ ಮೇಲೆ ಭಾರ ಕೂರುತ್ತದೆ, ಮುಗ್ಗರಿಸುವ ಹಾಗಾಗುತ್ತದೆ. ಗಾಳಿ ಜೋರಿದ್ದಷ್ಟೂ ಮೂತಿ ಇನ್ನೂ ಸ್ವಲ್ಪ ಕೆಳಗೆ.

ಮೊದಲ ಹೆಜ್ಜೆಯಿಂದಲೇ ಜೋರಾಗಿ ಓಡಬೇಕಾ?

ಬೇಡ. ನಡೆಯಿರಿ, ಆಮೇಲೆ ಜಾಗಿಂಗ್, ಆಮೇಲೆ ಪೂರ್ತಿ ಓಟ. ಒಮ್ಮೆಲೆ ನುಗ್ಗಿದರೆ ದೇಹ ಮುಂದೆ ಹೋಗುತ್ತದೆ, ಗ್ಲೈಡರ್ ಹಿಂದೆ ಉಳಿದು ಮೂತಿ ಮೇಲೇಳುತ್ತದೆ. ಮೂತಿ ಎದ್ದರೆ ವೇಗ ಸತ್ತಿತು. ಕೆಟ್ಟ ಲಾಂಚ್‌ಗಳಲ್ಲಿ ಇದು ತೀರಾ ಸಾಮಾನ್ಯ ಚಿತ್ರ.

ಒಳ್ಳೆಯ ಓಟ ಹೇಗಿರುತ್ತದೆ ಅಂದರೆ: ಮೊದಲ ಎರಡು ಹೆಜ್ಜೆಯಲ್ಲಿ ಭಾರ ಭುಜದ ಮೇಲೇ ಇರುತ್ತದೆ. ನಂತರ ಭುಜಕ್ಕೂ ಡೌನ್‌ಟ್ಯೂಬಿಗೂ (ರೆಕ್ಕೆಯಿಂದ ಬಾರ್‌ನ ಎರಡು ತುದಿಗೆ ಇಳಿಯುವ ಕೊಳವೆಗಳು) ನಡುವೆ ಒತ್ತಡ ಕಡಿಮೆ ಆಗುತ್ತದೆ. ಗ್ಲೈಡರ್ ಎರಡು ಬೆರಳಷ್ಟು ಮೇಲೇರಿ ಪಟ್ಟಿ ಬಿಗಿಯಾಗುತ್ತದೆ. ಇಲ್ಲಿಂದ ಮುಂದೆ ನೀವು ಗ್ಲೈಡರನ್ನು ಕೈಯಿಂದ ತಳ್ಳುತ್ತಿಲ್ಲ, ಸೊಂಟದಿಂದ ಎಳೆಯುತ್ತಿದ್ದೀರಿ, ನೇಗಿಲು ಎಳೆಯುವ ಎತ್ತಿನ ಹಾಗೆ. ಕೈಯ ಕೆಲಸ ಮೂತಿಯ ಕೋನ ಕಾಯುವುದು ಮಾತ್ರ, ಅದೂ ಬೆರಳ ತುದಿಯಲ್ಲಿ. ಬಿಗಿಯಾಗಿ ಹಿಡಿದವನಿಗೆ ಗ್ಲೈಡರ್ ಏನು ಹೇಳುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಹೆಜ್ಜೆ ದೊಡ್ಡದಾಗಲಿ, ಕೊನೆಯ ಹೆಜ್ಜೆಗಳೇ ಎಲ್ಲಕ್ಕಿಂತ ಜೋರಾಗಿರಲಿ. ಕಣ್ಣು ದೂರದ ಒಂದು ಗುರುತಿನ ಮೇಲಿರಲಿ. ಕಾಲ ಬುಡ ನೋಡಿದರೆ ಮೂತಿ ಹೇಗಿದೆ, ರೆಕ್ಕೆ ಹೇಗಿದೆ ಯಾವುದೂ ಕಾಣುವುದಿಲ್ಲ.

ಓಡುವಾಗ ಒಂದು ರೆಕ್ಕೆ ಎದ್ದುಬಿಟ್ಟರೆ?

ಎದ್ದ ರೆಕ್ಕೆಯ ಕಡೆಗೆ ದೇಹ ಹೋಗಬೇಕು. ಎಡ ರೆಕ್ಕೆ ಎದ್ದರೆ ಒಂದೆರಡು ಹೆಜ್ಜೆ ಎಡಕ್ಕೆ ವಾಲಿ ಓಡಿ. ಪಟ್ಟಿಯ ಮೂಲಕ ನಿಮ್ಮ ಭಾರ ಆ ಕಡೆ ಬಿದ್ದು ರೆಕ್ಕೆ ಸಮ ಆಗುತ್ತದೆ. ಗಾಬರಿಯಲ್ಲಿ ಡೌನ್‌ಟ್ಯೂಬ್ ಹಿಡಿದು ತಿರುಚುವವರು ಬಹಳ ಜನ. ಅದರಿಂದ ಮೂತಿ ಪಕ್ಕಕ್ಕೆ ತಿರುಗುತ್ತದೆಯೇ ಹೊರತು ರೆಕ್ಕೆ ಇಳಿಯುವುದಿಲ್ಲ. ಇನ್ನು ನಿಂತಲ್ಲೇ ರೆಕ್ಕೆ ಸಮ ಇಲ್ಲದಿದ್ದರೆ ಓಟ ಶುರು ಮಾಡಲೇಬೇಡಿ.

ಕಾಲು ನೆಲ ಬಿಟ್ಟಿತು. ಈಗ ಬಾರ್ ಹಿಡಿದು ಮಲಗಬಹುದಾ?

ಇನ್ನೂ ಇಲ್ಲ. ಡೌನ್‌ಟ್ಯೂಬ್ ಹಿಡಿದೇ, ಸ್ವಲ್ಪ ಒಳಗೆ ಎಳೆದು ವೇಗ ಉಳಿಸಿಕೊಳ್ಳಿ. ಗುಡ್ಡದಿಂದ ದೂರ ಹೋಗಿ. ಆಮೇಲೆ ಒಂದೊಂದೇ ಕೈ ಕೆಳಗಿಳಿಸಿ. ಹಾರ್ನೆಸ್‌ನಲ್ಲಿ ಕಾಲು ತೂರಿಸುವ ಚೀಲ ಹುಡುಕುತ್ತಾ ತಲೆ ಹಿಂದೆ ತಿರುಗಿಸಿದಾಗ ಗ್ಲೈಡರ್ ಗೊತ್ತಿಲ್ಲದೆ ಗುಡ್ಡದ ಕಡೆ ತಿರುಗಿದ ಪ್ರಸಂಗಗಳು ಎಷ್ಟೋ ಇವೆ. ಕಾಲು ಹತ್ತು ನಿಮಿಷ ಹೊರಗೆ ಜೋತಾಡಿದರೂ ಏನೂ ಕೆಡುವುದಿಲ್ಲ.

## ಅನುಭವ ಆದವರಿಗೆ

ಗಾಳಿ ಸ್ವಲ್ಪ ಓರೆಯಾಗಿದೆ. ಹೇಗೆ ಹೊರಡಲಿ?

ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ, ಆ ಕಡೆಯ ರೆಕ್ಕೆ ಕೂದಲೆಳೆಯಷ್ಟು ತಗ್ಗಿರಲಿ, ಮೂತಿ ನೋಡುತ್ತಿರುವ ದಿಕ್ಕಿಗೇ ಓಡಿ. ಇಳಿಜಾರಿನ ನೇರಕ್ಕೆ ಓಡಬೇಕು ಅನ್ನುವ ಹಟ ಬೇಡ. ಓರೆ ಜಾಸ್ತಿ ಆದಷ್ಟೂ ಗಾಳಿ ಕಡೆಯ ರೆಕ್ಕೆಗೆ ಗುಡ್ಡದಿಂದೇಳುವ ಗಾಳಿ ಮೊದಲು ತಗಲುತ್ತದೆ. ಆಗ ಗ್ಲೈಡರ್ ಗುಡ್ಡದ ಕಡೆಗೇ ಹೊರಳಲು ನೋಡುತ್ತದೆ. ಓರೆಗಾಳಿಯ ಜೊತೆ ಗಾಳಿ ಜೋರೂ ಇದ್ದರೆ ಆ ದಿನ ಹೊರಡದಿರುವುದೇ ನನ್ನ ಸಲಹೆ.

ತುಂಬಾ ಎತ್ತರದ ಜಾಗದಲ್ಲಿ ಅದೇ ಗ್ಲೈಡರ್ ಯಾಕೆ ಬೇಗ ಏಳಲ್ಲ?

ಗಾಳಿ ತೆಳುವಾಗಿರುತ್ತದೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ 2000 ಮೀಟರ್ ಎತ್ತರದಲ್ಲಿ ಸುಮಾರು 10 ಶೇಕಡಾ, 3000 ಮೀಟರ್‌ನಲ್ಲಿ ಸುಮಾರು 16 ಶೇಕಡಾ ಜಾಸ್ತಿ ವೇಗ ಬೇಕು. ಬಿಸಿಲು ಜೋರಿದ್ದರೆ ಇನ್ನೂ ಸ್ವಲ್ಪ. ಮೈಗೆ ಗಾಳಿ ಮೆತ್ತಗೆ ಅನಿಸಿದಷ್ಟಕ್ಕೆ ರೆಕ್ಕೆಯೂ ನಿಧಾನವಾಗಿ ಹೋಗುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಹಾರುವ ವೇಗವೂ ಜಾಸ್ತಿ, ಇಳಿಯುವ ವೇಗವೂ ಜಾಸ್ತಿ.

ಕಡಿದಾದ ಬಂಡೆಯಂಚಿನಿಂದ ಹೊರಡುವಾಗ ವೈರ್ ಹಿಡಿಯೋರು ಏನು ಮಾಡಬೇಕು?

ಅಂಚಿನಲ್ಲಿ ಗಾಳಿ ಕೆಳಗಿನಿಂದ ನೆಟ್ಟಗೆ ಮೇಲೆ ಬರುತ್ತದೆ, ಸ್ವಲ್ಪ ಹಿಂದೆ ಸುಳಿಯಾಗಿ ತಿರುಗುತ್ತದೆ. ಅದಕ್ಕೇ ಗ್ಲೈಡರ್‌ನ ವೈರ್‌ಗಳನ್ನು (ರೆಕ್ಕೆಯನ್ನು ಬಿಗಿದಿರುವ ತಂತಿಗಳು) ಹಿಡಿದು ಅದನ್ನು ಸಮವಾಗಿಡಲು ಮೂತಿಗೆ ಒಬ್ಬರು, ಪಕ್ಕಗಳಿಗೆ ಒಬ್ಬೊಬ್ಬರು ಬೇಕಾಗುತ್ತಾರೆ. ಅವರ ಮುಖ್ಯ ಕೆಲಸ ಹೇಳುವುದು. ತಮ್ಮ ಕೈಗೆ ತಗಲುವ ಎಳೆತವನ್ನು ‘ಮೇಲೆ’, ‘ಕೆಳಗೆ’, ‘ಸಮ’ ಅಂತ ಬಿಡದೆ ಕೂಗಿ ಹೇಳುತ್ತಿರಬೇಕು. ಎಲ್ಲರೂ ‘ಸಮ’ ಅನ್ನುವ ತನಕ ಪೈಲಟ್ ಕಾಯಬೇಕು. ಬಿಡಿ ಅನ್ನಲು ಯಾವ ಮಾತು ಬಳಸುತ್ತೀರಿ ಅನ್ನುವುದನ್ನು ಗ್ಲೈಡರ್ ಎತ್ತುವ ಮುಂಚೆಯೇ ತೀರ್ಮಾನಿಸಿ, ಒಮ್ಮೆ ನೆಲದ ಮೇಲೆ ಆಡಿ ನೋಡಿ. ವೈರ್ ಬೆರಳಿಗೆ ಸುತ್ತಿಕೊಳ್ಳಬಾರದು. ಬಿಟ್ಟ ಕೂಡಲೇ ತಗ್ಗಬೇಕು. ಗೊತ್ತಿಲ್ಲದವರನ್ನು ‘ಸ್ವಲ್ಪ ಹಿಡ್ಕೊಳ್ಳಿ’ ಅಂತ ಕರೆದು ನಿಲ್ಲಿಸುವುದು ಅವರಿಗೂ ಅಪಾಯ, ನಿಮಗೂ ಅಪಾಯ.

ಓಡಲು ಶುರು ಮಾಡಿದ ಮೇಲೆ ಬೇಡ ಅನಿಸಿದರೆ ನಿಲ್ಲಿಸಬಹುದಾ?

ಮೆಲ್ಲಗಿನ ಇಳಿಜಾರಿನಲ್ಲಿ, ಮೊದಲ ಎರಡು ಮೂರು ಹೆಜ್ಜೆಯೊಳಗೆ, ಖಂಡಿತ ನಿಲ್ಲಿಸಬಹುದು. ಚಿಕ್ಕ ಗುಡ್ಡದಲ್ಲಿ ಇದನ್ನೂ ಅಭ್ಯಾಸ ಮಾಡಿ. ಆಮೇಲೆ ಅರ್ಧ ಮನಸ್ಸಿನಲ್ಲಿ ನಿಧಾನ ಮಾಡುವುದು, ಪೂರ್ತಿ ಓಡುವುದು ಮತ್ತು ಪೂರ್ತಿ ನಿಲ್ಲುವುದು ಎರಡಕ್ಕಿಂತಲೂ ಕೆಟ್ಟದ್ದು. ಬಂಡೆಯಂಚಿನಲ್ಲಿ ನಿಲ್ಲಿಸುವ ಅವಕಾಶವೇ ಇಲ್ಲ, ತೀರ್ಮಾನ ನಿಂತಲ್ಲೇ ಆಗಬೇಕು.

## ತಪ್ಪಿನಿಂದ ಕಲಿಯುವ ಬಗ್ಗೆ

ಮುಗ್ಗರಿಸಿದೆ ನಿಜ, ಆದ್ರೆ ಹಾರಿದೆ, ಏನೂ ಆಗಲಿಲ್ಲ. ಅಂದಮೇಲೆ ಲಾಂಚ್ ಸರಿಯಾಗೇ ಇತ್ತು ಅಲ್ವಾ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಹಾರಿದ್ದು ಲಾಂಚ್ ಚೆನ್ನಾಗಿತ್ತು ಅನ್ನುವುದಕ್ಕೆ ಸಾಕ್ಷಿ ಅಲ್ಲ. ಆ ದಿನ 18 ಕಿ.ಮೀ. ಎದುರುಗಾಳಿ ಇತ್ತು, ಇಳಿಜಾರು ಕಡಿದಾಗಿತ್ತು, ನಿಮ್ಮ ತಪ್ಪನ್ನು ಅವು ಮುಚ್ಚಿಹಾಕಿದವು. ಅದೇ ಮೂರು ಹೆಜ್ಜೆಯ ಓಟ, ಅದೇ ಎತ್ತಿದ ಮೂತಿ, ಗಾಳಿ 6 ಕಿ.ಮೀ. ಇರುವ ದಿನ ಸಾಲುವುದಿಲ್ಲ.

ಇನ್ನೂ ಕೆಟ್ಟದ್ದೇನೆಂದರೆ, ತಪ್ಪು ಮಾಡಿಯೂ ಹಾರಾಟ ಚೆನ್ನಾಗಾದರೆ ಆ ತಪ್ಪೇ ಅಭ್ಯಾಸ ಆಗುತ್ತದೆ. ಸಮುದ್ರದ ದಡದಂಥ ಕಡೆ, ಸದಾ ಒಳ್ಳೆ ಗಾಳಿಯಲ್ಲೇ ಹಾರಿದವರು ಬೇರೆ ಜಾಗಕ್ಕೆ ಹೋದಾಗ ಎಡವುವುದು ಇದೇ ಕಾರಣಕ್ಕೆ. ಅವರಿಗೆ ಅನುಭವ ಇದೆ, ಓಡಿದ ಅನುಭವ ಇಲ್ಲ. ಆದ್ದರಿಂದ ಗಾಳಿ ಒಳ್ಳೆಯದಿದ್ದ ದಿನವೂ ಗಾಳಿ ಇಲ್ಲದ ದಿನದ ಹಾಗೇ ಪೂರ್ತಿ ಓಡಿ. ಇಳಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಹಾರಿದೆನಾ’ ಅಂತಲ್ಲ. ‘ಗಾಳಿ ಅರ್ಧ ಇದ್ದಿದ್ರೆ ಇದೇ ಓಟ ಸಾಕಾಗ್ತಿತ್ತಾ’ ಅಂತ.

ನನ್ನ ತಪ್ಪು ನನಗೇ ಹೇಗೆ ಕಾಣಬೇಕು?

ಪಕ್ಕದಿಂದ ತೆಗೆದ ವಿಡಿಯೋ. ರೆಕ್ಕೆಗೆ ಕಟ್ಟಿದ ಕ್ಯಾಮೆರಾದಲ್ಲಿ ನಿಮ್ಮ ಮುಖ ಚೆನ್ನಾಗಿ ಕಾಣುತ್ತದೆ, ಆದರೆ ನೆಲದ ಲೆಕ್ಕದಲ್ಲಿ ಮೂತಿ ಹೇಗಿತ್ತು ಅನ್ನುವುದು ಕಾಣುವುದಿಲ್ಲ. ಯಾರಿಗಾದರೂ ಪಕ್ಕದಲ್ಲಿ ನಿಂತು ಫೋನಿನಲ್ಲಿ ತೆಗೆಯಲು ಹೇಳಿ, ಆಮೇಲೆ ನಿಧಾನಗತಿಯಲ್ಲಿ ನೋಡಿ. ಹೆಜ್ಜೆ ಎಣಿಸಿ. ಯಾವ ಹೆಜ್ಜೆಯಲ್ಲಿ ಪಟ್ಟಿ ಬಿಗಿಯಾಯಿತು? ಮೂತಿ ಯಾವಾಗ ಎದ್ದಿತು? ಕೊನೆಯ ಹೆಜ್ಜೆ ಓಟವೋ ಜಿಗಿತವೋ? ನೋಡುವ ಮುಂಚೆ ನಿಮಗೆ ನೆನಪಿರುವುದನ್ನು ಬರೆದಿಟ್ಟುಕೊಳ್ಳಿ. ನೆನಪಿಗೂ ವಿಡಿಯೋಗೂ ಇರುವ ವ್ಯತ್ಯಾಸದಲ್ಲೇ ಜಾಸ್ತಿ ಪಾಠ ಇರುತ್ತದೆ.

ಯಾರಿಗೂ ಪೆಟ್ಟಾಗಿಲ್ಲ ಅಂದ್ರೂ ತಪ್ಪನ್ನ ಎಲ್ಲರಿಗೂ ಹೇಳಬೇಕಾ?

ಹೇಳಬೇಕು. ದೊಡ್ಡ ವಿಮಾನಗಳ ಲೋಕ ಇದನ್ನು ಕಲಿತ ಬಗೆ ಕೇಳಿ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರ ಟಿಡಬ್ಲ್ಯುಎ ಕಂಪನಿಯ ವಿಮಾನ ಇಳಿಯಲು ಬರುವಾಗ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 92 ಜನರೂ ಸತ್ತರು. ಇಳಿಯುವ ಸೂಚನೆಯನ್ನು ಪೈಲಟ್‌ಗಳು ಬೇರೆ ರೀತಿ ಅರ್ಥ ಮಾಡಿಕೊಂಡು ಬೇಗ ಕೆಳಗಿಳಿದಿದ್ದರು. ತನಿಖೆಯಲ್ಲಿ ಗೊತ್ತಾದ ಸಂಗತಿ ಏನೆಂದರೆ, ಆರು ವಾರ ಮುಂಚೆ ಬೇರೊಂದು ಕಂಪನಿಯ ಪೈಲಟ್‌ಗಳು ಇದೇ ತಪ್ಪು ಮಾಡಿ, ಅದೇ ಬೆಟ್ಟದಿಂದ ಕೂದಲೆಳೆಯಲ್ಲಿ ಪಾರಾಗಿದ್ದರು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತು. ಬೇರೆ ಕಂಪನಿಗಳಿಗೆ ಸುದ್ದಿ ಮುಟ್ಟಲಿಲ್ಲ. ಇದಾದ ಮೇಲೆ 1976ರಲ್ಲಿ ನಾಸಾ ನಡೆಸುವ ಗೋಪ್ಯ ವರದಿ ವ್ಯವಸ್ಥೆ ಶುರುವಾಯಿತು. ಪೈಲಟ್ ತನ್ನ ತಪ್ಪನ್ನು ಬರೆದು ಕಳಿಸಿದರೆ ಹೆಸರು ತೆಗೆದು ಎಲ್ಲರಿಗೂ ಹಂಚುತ್ತಾರೆ.

ಗುಡ್ಡದ ಮೇಲೆ ಇಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ‘ಇವತ್ತು ಎಡಗಡೆ ರೆಕ್ಕೆ ಎತ್ತಿತು, ಆ ಪೊದೆಯ ಹತ್ತಿರ ಸುಳಿ ಇದೆ’ ಅಂತ ಒಬ್ಬರು ಸಂಜೆ ಹೇಳಿದರೆ ನಾಳೆ ಅದೇ ಜಾಗದಲ್ಲಿ ನಿಲ್ಲುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಹೇಳಿದವರನ್ನು ನೋಡಿ ಯಾರಾದರೂ ನಕ್ಕರೆ, ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ನನಗಿಂತ ಹಿರಿಯ ಪೈಲಟ್ ತಪ್ಪು ಮಾಡ್ತಿದ್ದಾರೆ. ಹೇಳೋದು ಹೇಗೆ?

ಹುಕ್, ಕಾಲಿನ ಲೂಪ್, ಹೆಲ್ಮೆಟ್ ವಿಷಯ ಆದರೆ ಹಿರಿಯರು ಕಿರಿಯರು ನೋಡಬೇಡಿ. ‘ನಿಲ್ಲಿ!’ ಅಂತ ಜೋರಾಗಿ ಕೂಗಿ. ಹತ್ತು ಸಲ ಕೂಗಿದ್ದರಲ್ಲಿ ಒಂಬತ್ತು ಸಲ ಸುಳ್ಳು ಎಚ್ಚರಿಕೆ ಆದರೂ ನಷ್ಟ ಇಲ್ಲ. ಓಟದ ತಂತ್ರದ ವಿಷಯ ಆದರೆ ಲಾಂಚ್ ಜಾಗದಲ್ಲಿ ಮಾತು ಬೇಡ, ಅವರ ಗಮನ ಕೆಡುತ್ತದೆ. ಇಳಿದು ಗ್ಲೈಡರ್ ಮಡಚುವಾಗ ‘ಕೊನೆಯ ಎರಡು ಹೆಜ್ಜೆಯಲ್ಲಿ ಮೂತಿ ಎದ್ದ ಹಾಗೆ ಕಂಡಿತು, ನಿಮಗೆ ಹೇಗನಿಸಿತು?’ ಅಂತ ಕೇಳಿ. ಕಂಡದ್ದನ್ನು ಹೇಳಿ, ತೀರ್ಪು ಅವರಿಗೇ ಬಿಡಿ.

ಒಂದು ಕೆಟ್ಟ ಲಾಂಚ್ ಆದಮೇಲೆ ಭಯ ಹೋಗ್ತಿಲ್ಲ. ತಕ್ಷಣ ಮತ್ತೆ ಹಾರಿದರೆ ಹೋಗುತ್ತೆ ಅಂತಾರೆ, ನಿಜವಾ?

ಅದೇ ಗುಡ್ಡದಿಂದ ತಕ್ಷಣ ಮತ್ತೆ ಹೊರಡುವುದನ್ನು ನಾನು ಒಪ್ಪುವುದಿಲ್ಲ. ಏನು ತಪ್ಪಾಯಿತು ಅಂತ ಗೊತ್ತಾಗದೆ ಮತ್ತೆ ಹಾರಿದರೆ ಅದೇ ತಪ್ಪು ಮತ್ತೆ ಆಗುವ ಸಾಧ್ಯತೆ ಹಾಗೇ ಉಳಿದಿರುತ್ತದೆ, ಅದರ ಮೇಲೆ ಮೈಯೂ ಬಿಗಿಯಾಗಿರುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ಗ್ಲೈಡರನ್ನು ಪೂರ್ತಿ ಬಿಚ್ಚಿ ನೋಡಿಸಿ. ಬಾಗಿದ ಟ್ಯೂಬ್ ನೆಟ್ಟಗೆ ಮಾಡಿ ಬಳಸಬಾರದು, ಬದಲಾಯಿಸಬೇಕು.

ಆಮೇಲೆ ಕಲಿತ ಚಿಕ್ಕ ಇಳಿಜಾರಿಗೆ ಇನ್‌ಸ್ಟ್ರಕ್ಟರ್ ಜೊತೆ ವಾಪಸ್ ಹೋಗಿ. ಸಮತಟ್ಟಿನಲ್ಲಿ ಗ್ಲೈಡರ್ ಹೊತ್ತು ಬರೀ ಓಡಿ, ಪಟ್ಟಿ ಬಿಗಿಯಾಗುವ ತನಕ. ಅದು ಪ್ರತಿ ಸಲವೂ ಒಂದೇ ಥರ ಬರಲು ಶುರುವಾದ ಮೇಲೆ ಇಳಿಜಾರಿನ ಮಧ್ಯದಿಂದ ಹೊರಡಿ, ಆಮೇಲೆ ತುದಿಯಿಂದ. ದೊಡ್ಡ ಗುಡ್ಡಕ್ಕೆ ಯಾವಾಗ ಹೋಗಬೇಕು ಅನ್ನುವುದನ್ನು ನಿಮ್ಮ ಓಟ ನೋಡಿದ ಇನ್‌ಸ್ಟ್ರಕ್ಟರ್ ಹೇಳಲಿ.